ವಂತಿಗೆಯ ಹಣವೂ ಕಲೆಯ ವ್ಯವಹಾರವೂ

ಹತ್ತು ಜನರಿಂದ ಹಣ ಕೂಡಿಸಿ ಒಂದು ಕಾರ್ಯವನ್ನು ನೆರವೇರಿಸುವುದು ನಮ್ಮ ಜನಕ್ಕೆ ಹೊಸದಲ್ಲ. ಊರಗುಡಿಯ ಜೀರ್ಣೋದ್ಧಾರಕ್ಕೆ, ಜಾತ್ರೆಯ ತೇರಿಗೆ, ಸುಗ್ಗಿ ಮುಗಿದ ಮೇಲಿನ ಬಯಲಾಟಕ್ಕೆ ಮನೆಮನೆಯಿಂದ ವಂತಿಗೆ ಎತ್ತುವ ಪದ್ಧತಿ ತಲೆತಲಾಂತರದಿಂದ ನಡೆದುಬಂದಿದೆ. ಈ ಮುಂಬಯಿ ಮಹಾನಗರದಲ್ಲಿಯೂ ಕನ್ನಡದ ರಾತ್ರಿಶಾಲೆಗಳೂ ಸಂಘಗಳೂ ವಾಚನಾಲಯಗಳೂ ತಲೆಯೆತ್ತಿದ್ದು ಬಹುಮಟ್ಟಿಗೆ ದುಡಿಯುವ ಜನ ತಮ್ಮ ಸಂಬಳದಿಂದ ತೆಗೆದಿಟ್ಟ ಕಾಸಿನಿಂದಲೇ. ಹಾಗೆ ಹಣ ಕೊಟ್ಟವನಿಗೆ ರಸೀದಿ ಸಿಗುತ್ತಿತ್ತು. ವರ್ಷದ ಕೊನೆಯಲ್ಲಿ ಜಮಾಖರ್ಚಿನ ತಖ್ತೆಯನ್ನು ಸಭೆಯಲ್ಲಿ ಓದಲಾಗುತ್ತಿತ್ತು. ತಪ್ಪಿದ್ದರೆ ಎದ್ದುನಿಂತು ಕೇಳುವವರೂ ಇದ್ದರು.

ಈ ಹಳೆಯ ಪದ್ಧತಿಯೇ ಈಗ ಅಂತರ್ಜಾಲದಲ್ಲಿ ಹೊಸ ವೇಷ ತೊಟ್ಟು ಬಂದಿದೆ. ಅದನ್ನು ಕ್ರೌಡ್‌ಫಂಡಿಂಗ್ ಎಂದು ಕರೆಯುತ್ತಾರೆ. ಪುಸ್ತಕ ಬರೆದವನು, ಹಾಡು ಕಟ್ಟಿದವನು, ಚಿತ್ರ ತೆಗೆಯಬೇಕೆಂದಿರುವವನು ತನ್ನ ಯೋಜನೆಯನ್ನು ಲೋಕದ ಮುಂದಿಟ್ಟು, ಇಷ್ಟು ಹಣ ಬೇಕು, ಇಷ್ಟು ದಿನ ಕಾಯುವೆನು ಎಂದು ಸಾರುತ್ತಾನೆ. ಕಂಡು ಮೆಚ್ಚಿದವರು ತಮ್ಮ ಶಕ್ತಿಗನುಸಾರವಾಗಿ ಹಣ ಕಳಿಸುತ್ತಾರೆ. ನಮ್ಮ ಶಾಲೆಯ ಮೇಲಿನ ಇಯತ್ತೆಗಳ ಕೆಲವು ವಿದ್ಯಾರ್ಥಿಗಳು, ತಾವೂ ಹೀಗೆ ಹಣ ಕೂಡಿಸಿ ಕಿರುಚಿತ್ರವನ್ನೋ ಕಥೆಗಳ ಪುಸ್ತಕವನ್ನೋ ಮಾಡಬಹುದೆ ಎಂದು ನನ್ನನ್ನು ಕೇಳಿದ್ದುಂಟು. ಅವರ ಉತ್ಸಾಹ ನನಗೆ ಸಂತೋಷವನ್ನೇ ತಂದಿತು. ಆದರೆ ಎಲ್ಲರೂ ಕೇಳಿದ ಮೊದಲ ಪ್ರಶ್ನೆ ಒಂದೇ: "ಸರ್, ಎಷ್ಟು ಹಣ ಬರಬಹುದು?" ಎಷ್ಟು ಖರ್ಚಾಗಬಹುದು ಎಂದು ಕೇಳಿದವರು ಒಬ್ಬರೂ ಇಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೀಗೆ ಬರುವ ಹಣ ಭಿಕ್ಷೆಯಲ್ಲ, ಬಹುಮಾನವೂ ಅಲ್ಲ. ಅದು ಮುಂಗಡ ಪಡೆದ ಬೆಲೆ. ಪಡೆದವನು ವ್ಯಾಪಾರಿಯಂತೆ ಲೆಕ್ಕಕ್ಕೆ ಬದ್ಧನು. ಕಲೆಗೂ ವ್ಯಾಪಾರಕ್ಕೂ ಏನು ಸಂಬಂಧವೆಂದು ಮೂಗುಮುರಿಯುವವರು ನಮ್ಮಲ್ಲಿ ಬಹಳ ಮಂದಿ. ಆ ತಾತ್ಸಾರದಿಂದಲೇ ಎಷ್ಟೋ ಒಳ್ಳೆಯ ಕೆಲಸಗಳು ಅರ್ಧದಲ್ಲಿ ನಿಂತುಹೋಗಿವೆ ಎಂದು ನಾನು ನಂಬಿದ್ದೇನೆ.

ಈ ವ್ಯವಹಾರದ ಕ್ರಮವನ್ನು ಸ್ವಲ್ಪ ತಿಳಿಯೋಣ. ಅಮೆರಿಕೆಯಲ್ಲಿ 2009ರಲ್ಲಿ ಆರಂಭವಾದ ಕಿಕ್‌ಸ್ಟಾರ್ಟರ್ ಎಂಬ ತಾಣ ಇವುಗಳಲ್ಲಿ ಹೆಸರಾಂತದ್ದು. ಅದರ ಮುಖ್ಯ ನಿಯಮ ಒಂದಿದೆ: ಗೊತ್ತುಮಾಡಿದ ಅವಧಿಯೊಳಗೆ ಗುರಿ ಮುಟ್ಟಿದರೆ ಹಣ ದೊರೆಯುತ್ತದೆ, ಮುಟ್ಟದಿದ್ದರೆ ಒಂದು ಕಾಸೂ ಇಲ್ಲ, ಕೊಡುವೆನೆಂದವರ ಹಣ ಅವರಲ್ಲಿಯೇ ಉಳಿಯುತ್ತದೆ. ಕಠಿಣವೆಂದು ತೋರಿದರೂ ಇದು ವಿವೇಕದ ನಿಯಮ. ಲಕ್ಷ ರೂಪಾಯಿಯ ಕೆಲಸವನ್ನು ಮೂವತ್ತು ಸಾವಿರಕ್ಕೆ ಕೈಗೆತ್ತಿಕೊಂಡು ನಡುನೀರಿನಲ್ಲಿ ಬಿಡುವ ಅನಾಹುತ ಇದರಿಂದ ತಪ್ಪುತ್ತದೆ. ಗುರಿ ಮುಟ್ಟಿದಾಗ ತಾಣದವರು ನೂರಕ್ಕೆ ಐದರಂತೆ ತಮ್ಮ ಪಾಲನ್ನು ಮುರಿದುಕೊಳ್ಳುತ್ತಾರೆ. ಹಣ ಪಾವತಿಯ ವ್ಯವಸ್ಥೆ ಮಾಡುವವರು ಇನ್ನೂ ನೂರಕ್ಕೆ ಮೂರಕ್ಕಿಂತ ಕಡಿಮೆಯಿಲ್ಲದಂತೆ ತೆಗೆದುಕೊಳ್ಳುತ್ತಾರೆ. ಅಲ್ಲಿ ಮಂಡಿತವಾದ ಯೋಜನೆಗಳಲ್ಲಿ ಗುರಿ ಮುಟ್ಟುವುದು ಐದರಲ್ಲಿ ಸುಮಾರು ಎರಡು ಮಾತ್ರ. 2013ರಲ್ಲಿ ಹುಟ್ಟಿದ ಪೇಟ್ರಿಯಾನ್ ಎಂಬ ಇನ್ನೊಂದು ತಾಣದ ರೀತಿ ಬೇರೆ. ಅಲ್ಲಿ ಅಭಿಮಾನಿಗಳು ಕಲಾವಿದನಿಗೆ ತಿಂಗಳು ತಿಂಗಳೂ ಸಣ್ಣ ಮೊತ್ತವನ್ನು ಕೊಡುತ್ತ ಹೋಗುತ್ತಾರೆ.

ನಡುವೆ ನಿಂತು ಹಣ ಕೂಡಿಸುವವನಿಗೆ ಲಾಭವಿರುವುದೂ ಹೊಸ ಮಾತಲ್ಲ. ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಪ್ರತಿಮೆಗೆ ಪೀಠ ಕಟ್ಟಲು ಹಣ ಸಾಲದೆ ಬಂದಾಗ, 1885ರಲ್ಲಿ ಜೋಸೆಫ್ ಪುಲಿಟ್ಜರ್ ತನ್ನ ಪತ್ರಿಕೆಯ ಮೂಲಕ ಜನರನ್ನು ಕೇಳಿದನು. ಐದಾರು ತಿಂಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ಲಕ್ಷಕ್ಕೂ ಹೆಚ್ಚು ಡಾಲರುಗಳನ್ನು ಕೊಟ್ಟರು. ಬಹುಪಾಲು ಜನ ಕೊಟ್ಟದ್ದು ಒಂದು ಡಾಲರಿಗಿಂತ ಕಡಿಮೆ. ಕೊಟ್ಟವರ ಹೆಸರನ್ನೆಲ್ಲ, ಕೊಟ್ಟದ್ದು ಎಷ್ಟೇ ಅಲ್ಪವಾಗಿರಲಿ, ಅವನು ಪತ್ರಿಕೆಯಲ್ಲಿ ಅಚ್ಚುಹಾಕಿದನು. ತನ್ನ ಹೆಸರು ನೋಡಲು ಪತ್ರಿಕೆ ಕೊಳ್ಳದವರಾರು? ಪೀಠವೂ ಎದ್ದಿತು, ಪತ್ರಿಕೆಯ ಮಾರಾಟವೂ ಏರಿತು. ಇದರಲ್ಲಿ ದೋಷವಿದೆಯೆಂದು ನಾನು ಹೇಳುವುದಿಲ್ಲ. ಎರಡೂ ನಡೆದವೆಂಬುದು ತಿಳಿದಿರಲಿ.

ಇನ್ನು ನಮ್ಮ ಕನ್ನಡದ ಉದಾಹರಣೆಗೆ ಬರುತ್ತೇನೆ. ಪವನ್ ಕುಮಾರ್ ಎಂಬ ತರುಣ ನಿರ್ದೇಶಕರು 'ಲೂಸಿಯಾ' ಎಂಬ ಚಿತ್ರಕ್ಕೆ ಕಥೆ ಸಿದ್ಧಪಡಿಸಿಕೊಂಡಿದ್ದರು. ಹಣ ಹೂಡುವ ನಿರ್ಮಾಪಕರು ದೊರೆಯಲಿಲ್ಲ. 2012ರಲ್ಲಿ ಅವರು ತಮ್ಮ ಕಷ್ಟವನ್ನು ಬಿಚ್ಚಿ ಬರೆದು, ನೇರವಾಗಿ ಪ್ರೇಕ್ಷಕರನ್ನೇ ಕೇಳಿದರು. ಇಪ್ಪತ್ತೇಳು ದಿನಗಳಲ್ಲಿ 110 ಮಂದಿಯಿಂದ ಸುಮಾರು 51 ಲಕ್ಷ ರೂಪಾಯಿ ಕೂಡಿತು. ಚಿತ್ರ 2013ರಲ್ಲಿ ತೆರೆಕಂಡಿತು. ಅದೇ ವರ್ಷ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿಯನ್ನು ಗಳಿಸಿತು. ಮುಂದೆ ತಮಿಳಿಗೂ ಹೋಯಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ "ಹನಿಗೂಡಿ ಹಳ್ಳ" ಎಂದು ಮುಗಿಸುತ್ತಾರೆ. ಅಂಥವರು ಭಾಗಾಕಾರ ಮಾಡಿಲ್ಲವೆಂದು ತೋರುತ್ತದೆ. 51 ಲಕ್ಷವನ್ನು 110ರಿಂದ ಭಾಗಿಸಿರಿ: ತಲೆಗೆ ಸರಾಸರಿ 46 ಸಾವಿರಕ್ಕೂ ಮೇಲೆ ಬರುತ್ತದೆ. ಇದು ಹನಿಯಲ್ಲ, ಕೊಡವೇ ಸರಿ. ಹಣ ಕೊಟ್ಟವರಲ್ಲಿ ಅನೇಕರು ಕೈತುಂಬ ಸಂಬಳವಿದ್ದ, ಕನ್ನಡ ಚಿತ್ರ ಬೇರೆಯಾಗಿರಬೇಕೆಂದು ಹಂಬಲಿಸಿದ್ದ ಜನರಾಗಿದ್ದಿರಬೇಕೆಂದು ನಾನು ಊಹಿಸುತ್ತೇನೆ. ಮೇಲಾಗಿ ಪವನ್ ಕುಮಾರರು ಅಜ್ಞಾತರಾಗಿರಲಿಲ್ಲ. 2011ರಲ್ಲಿ ಅವರ 'ಲೈಫು ಇಷ್ಟೇನೆ' ಬಂದಿತ್ತು; ಅದಕ್ಕೆ ಮೊದಲು ಯೋಗರಾಜ ಭಟ್ಟರ ಚಿತ್ರಗಳಿಗೆ ಅವರು ಬರೆದಿದ್ದರು. ಹಣ ಕೇಳುವ ಮೊದಲೇ ಅವರಿಗೆ ಪ್ರೇಕ್ಷಕರಿದ್ದರು. ಅಂತರ್ಜಾಲ ಹಣ ತಂದುಕೊಟ್ಟಿತೆನ್ನುವುದು ಅರ್ಧ ಸತ್ಯ. ಹಿಂದಿನ ಕೆಲಸ ಗಳಿಸಿಟ್ಟ ವಿಶ್ವಾಸವನ್ನು ಅಂತರ್ಜಾಲ ಹಣವಾಗಿ ಬದಲಿಸಿತು ಎಂದರೆ ಹೆಚ್ಚು ಸರಿಯಾದೀತು.

ನಿಜವಾಗಿಯೂ ಹನಿಗೂಡಿದ ಹಳ್ಳವನ್ನು ನೋಡಬೇಕಾದರೆ ಗುಜರಾತಿಗೆ ಹೋಗಬೇಕು. ಶ್ಯಾಮ್ ಬೆನೆಗಲ್ಲರ 'ಮಂಥನ್' ಚಿತ್ರ 1976ರಲ್ಲಿ ಬಂದಾಗ ಅಂತರ್ಜಾಲವೆಲ್ಲಿತ್ತು? ಹಾಲು ಉತ್ಪಾದಕರ ಸಹಕಾರ ಚಳವಳಿಯನ್ನು ಕುರಿತ ಆ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ರೈತರು ತಲೆಗೆ ಎರಡು ರೂಪಾಯಿಯಂತೆ ಕೊಟ್ಟರು. ಹತ್ತು ಲಕ್ಷ ರೂಪಾಯಿಯಾಯಿತು. ಚಿತ್ರದ ಆರಂಭದಲ್ಲಿಯೇ ಅವರನ್ನು ನಿರ್ಮಾಪಕರೆಂದು ಸೂಚಿಸಲಾಗಿದೆ. ನಮ್ಮ ಗಿರೀಶ ಕಾರ್ನಾಡರೂ ಅನಂತನಾಗ್ ಅವರೂ ಅದರಲ್ಲಿ ನಟಿಸಿದ್ದಾರೆ. ಚಿತ್ರ ಬಿಡುಗಡೆಯಾದಾಗ ರೈತರು ಲಾರಿಗಳನ್ನೇರಿ ಪಟ್ಟಣಕ್ಕೆ ಬಂದು "ನಮ್ಮ ಚಿತ್ರ"ವನ್ನು ನೋಡಿದರು. 2024ರಲ್ಲಿ ಅದರ ಜೀರ್ಣೋದ್ಧಾರಗೊಂಡ ಪ್ರತಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು.

ಈಗ ಯೋಚಿಸಿರಿ. ಐದು ಲಕ್ಷ ಜನರಿಂದ ಎರಡೆರಡು ರೂಪಾಯಿ ಎತ್ತಲು ಮನೆಮನೆಗೆ ಆಳು ಕಳಿಸಿದ್ದರೆ ಎತ್ತಿದ ಹಣವೆಲ್ಲ ಆಳಿನ ಕೂಲಿಗೇ ಮುಗಿದುಹೋಗುತ್ತಿತ್ತು. ಆದರೆ ಹಳ್ಳಿಹಳ್ಳಿಯಲ್ಲಿ ಹಾಲಿನ ಸಂಘವಿತ್ತು. ಹಾಲು ಅಳೆದು ಹಣ ಕೊಡುವ ಕಟ್ಟೆಯಿತ್ತು, ಪ್ರತಿಯೊಬ್ಬ ರೈತನ ಹೆಸರಿನಲ್ಲಿ ಲೆಕ್ಕವಿತ್ತು. ಹಾಲಿನ ಹಣದಲ್ಲಿಯೇ ಎರಡು ರೂಪಾಯಿ ಬಿಟ್ಟುಕೊಟ್ಟರಾಯಿತು. ದೊಡ್ಡ ಜನಸಮೂಹದಿಂದ ಚಿಲ್ಲರೆ ಕಾಸನ್ನು ಕೂಡಿಸುವುದಕ್ಕೆ ಬೇಕಾದದ್ದು ಮೊದಲೇ ಕಟ್ಟಿದ ಸಂಘಟನೆ. ವರ್ಗೀಸ್ ಕುರಿಯನ್ನರೂ ಅವರ ಸಂಗಡಿಗರೂ ಅದನ್ನು ಹಾಲಿಗಾಗಿ ಕಟ್ಟಿದ್ದರು. ಚಿತ್ರಕ್ಕೆ ಅದು ಒದಗಿತು.

ವಿದ್ಯಾರ್ಥಿ ಮಿತ್ರರೇ, ಇನ್ನು ಸ್ವಲ್ಪ ಗಣಿತ ಮಾಡೋಣ. ಗಣಿತವೆಂದೊಡನೆ ಪುಟ ತಿರುವಬೇಡಿ. ಇದು ಏಳನೆಯ ಇಯತ್ತೆಯ ಗಣಿತವೇ.

ನೀವು ಒಂದು ಕಥಾಸಂಕಲನ ತರುವವರಿದ್ದೀರಿ ಎಂದಿಟ್ಟುಕೊಳ್ಳಿ. ಒಂದೊಂದು ಪ್ರತಿಗೆ 250 ರೂಪಾಯಿಯಂತೆ 400 ಜನ ಮುಂಗಡ ಕೊಟ್ಟರು. ಒಂದು ಲಕ್ಷ ರೂಪಾಯಿಯಾಯಿತು. ಶಾಲೆಯಲ್ಲೆಲ್ಲ ಪೇಡೆ ಹಂಚುವಷ್ಟು ಸಂಭ್ರಮ! ತಾಣದವರ ಪಾಲು ನೂರಕ್ಕೆ ಐದರಂತೆ 5,000. ಪಾವತಿಯ ವೆಚ್ಚ ನೂರಕ್ಕೆ ಮೂರರಂತೆ 3,000. ಈ ಎಂಟು ಸಾವಿರದ ಮೇಲೆ ನೂರಕ್ಕೆ ಹದಿನೆಂಟರಂತೆ ಸರಕು-ಸೇವಾ ತೆರಿಗೆ 1,440. ಉಳಿದದ್ದು 90,560. ಐನೂರು ಪ್ರತಿಗಳ ಮುದ್ರಣಕ್ಕೆ ಪ್ರತಿಯೊಂದಕ್ಕೆ 110ರಂತೆ 55,000 ಹೋಯಿತು. ನಾನೂರು ಪ್ರತಿಗಳನ್ನು ಕಟ್ಟಿ ಅಂಚೆಗೆ ಹಾಕಲು ಒಂದಕ್ಕೆ 60ರಂತೆ 24,000 ಹೋಯಿತು. ಮುಖಪುಟವನ್ನೂ ಒಳಚಿತ್ರಗಳನ್ನೂ ಬರೆದ ಕಲಾವಿದನಿಗೆ 10,000. ಕೊನೆಗೆ ಕೈಯಲ್ಲಿ ಉಳಿದದ್ದು 1,560 ರೂಪಾಯಿ. ಕಪಾಟಿನಲ್ಲಿ ಉಳಿದದ್ದು ನೂರು ಪ್ರತಿ. ಎರಡು ವರ್ಷ ಕುಳಿತು ಕಥೆ ಬರೆದವನಿಗೆ ಏನು ಸಿಕ್ಕಿತು? ಅಚ್ಚು ತಿದ್ದಿದವನಿಗೆ? ನಾನೂರು ಪೊಟ್ಟಣಗಳು ಕಳೆದುಹೋಗದೆ, ವಿಳಾಸ ತಪ್ಪದೆ ಮುಟ್ಟಿದುವೆಂದೇ ನಾವು ಎಣಿಸಿದ್ದೇವೆ. ಹಾಗೆ ಆಗುವುದು ವಿರಳ. ನಡುವೆ ಕಾಗದದ ಬೆಲೆ ಏರಿದರೆ ಆ 1,560 ಕೂಡ ಮಾಯ. ಉತ್ಸಾಹದಲ್ಲಿ "ಐನೂರು ಕೊಟ್ಟವರಿಗೆ ಬಟ್ಟೆಯ ಚೀಲ, ಸಾವಿರ ಕೊಟ್ಟವರಿಗೆ ಚೌಕಟ್ಟು ಹಾಕಿದ ಚಿತ್ರ" ಎಂದು ಸಾರಿಬಿಟ್ಟಿದ್ದರೆ ಆ ಚೀಲವನ್ನೂ ಚೌಕಟ್ಟನ್ನೂ ಕೊಳ್ಳುವ ಹಣ, ಕಳಿಸುವ ಹಣ ಎಲ್ಲಿಂದ ಬರಬೇಕು? ಪುಸ್ತಕ ಮಾಡಲು ಹೊರಟವನು ಚೀಲದ ವ್ಯಾಪಾರಿಯಾಗಿ ಸಾಲಗಾರನಾಗುತ್ತಾನೆ.

ಲಕ್ಷ ಬೇಕಾದರೆ ಲಕ್ಷ ಕೇಳಿದರೆ ಸಾಲದೆಂಬುದು ಈ ಲೆಕ್ಕದಿಂದ ಸ್ಪಷ್ಟ. ಬರೆದವನ ದುಡಿಮೆಯನ್ನೂ ಬೆಲೆಯಲ್ಲಿ ಸೇರಿಸಬೇಕು. ಅದನ್ನು ಸೇರಿಸಲು ನಮ್ಮವರಿಗೆ ಏಕೋ ನಾಚಿಕೆ. ಬಡಗಿ ಕುರ್ಚಿಯ ಬೆಲೆ ಹೇಳುವಾಗ ಮರದ ಬೆಲೆಯನ್ನಷ್ಟೇ ಹೇಳುತ್ತಾನೆಯೆ?

ಪರದೇಶದ ಎರಡು ಪ್ರಸಂಗಗಳನ್ನು ಇಲ್ಲಿ ಹೇಳತಕ್ಕದ್ದು. 2012ರಲ್ಲಿ ಅಮಾಂಡಾ ಪಾಮರ್ ಎಂಬ ಅಮೆರಿಕದ ಗಾಯಕಿ ತನ್ನ ಹಾಡುಗಳ ಸಂಪುಟಕ್ಕೆ ಒಂದು ಲಕ್ಷ ಡಾಲರ್ ಕೇಳಿದಳು. ಸುಮಾರು 25 ಸಾವಿರ ಜನ ಕೂಡಿ ಹನ್ನೆರಡು ಲಕ್ಷದ ಹತ್ತಿರ ಕೊಟ್ಟರು. ಅವಳು ಆ ಹಣ ಹೇಗೆ ಕರಗುವುದೆಂಬ ಲೆಕ್ಕವನ್ನು ಬಹಿರಂಗವಾಗಿ ಬರೆದಳು. ಅದು ಮೆಚ್ಚತಕ್ಕ ಮಾತು. ಆದರೆ ಸಂಚಾರದ ಕಚೇರಿಗಳಲ್ಲಿ ಆಯಾ ಊರಿನ ವಾದ್ಯಗಾರರು ಸಂಭಾವನೆಯಿಲ್ಲದೆ ಬಂದು ನುಡಿಸಲೆಂದು ಕರೆದಾಗ, ಇಷ್ಟು ಹಣ ಕೂಡಿಸಿದವಳು ಜೊತೆಗಾರರಿಗೆ ಕೊಡಬಾರದೆ ಎಂದು ಜನ ಸಿಡಿದೆದ್ದರು. ಕೊನೆಗೆ ಸಂಭಾವನೆ ಕೊಡಲು ಅವಳು ಒಪ್ಪಬೇಕಾಯಿತು. ನನಗೆ ಜನರ ಪ್ರಶ್ನೆ ನ್ಯಾಯವೆಂದೇ ತೋರುತ್ತದೆ. ಸಾರ್ವಜನಿಕರ ಹಣ ಬಂದೊಡನೆ ಸಾರ್ವಜನಿಕರ ಕಣ್ಣೂ ಬರುತ್ತದೆ.

ಎರಡನೆಯವನು ಬ್ರಾಂಡನ್ ಸ್ಯಾಂಡರ್ಸನ್ ಎಂಬ ಕಾದಂಬರಿಕಾರ. 2022ರಲ್ಲಿ ಅವನು ನಾಲ್ಕು ಕಾದಂಬರಿಗಳಿಗಾಗಿ ಕೇಳಿದಾಗ 1,85,000ಕ್ಕೂ ಹೆಚ್ಚು ಓದುಗರು ನಾಲ್ಕು ಕೋಟಿ ಡಾಲರಿಗೂ ಮೀರಿ ಕೊಟ್ಟರು. ಇಂಥ ಅಂಕಿಯನ್ನು ಕೇಳಿ ತಲೆ ತಿರುಗಿಸಿಕೊಳ್ಳುವ ಮೊದಲು ಎರಡು ಸಂಗತಿಗಳನ್ನು ಗಮನಿಸಬೇಕು. ಆ ಕಾದಂಬರಿಗಳನ್ನು ಅವನು ಆಗಲೇ ಬರೆದಿಟ್ಟಿದ್ದನು. ಪುಸ್ತಕ ಕಟ್ಟಿ ಕಳಿಸುವ ಜನ, ಉಗ್ರಾಣ, ಸ್ವಂತ ಸಂಸ್ಥೆ ಅವನಿಗಿದ್ದವು. ಅವನ ಮೊದಲ ಕಾದಂಬರಿ 2005ರಲ್ಲಿ ಬಂದದ್ದು. ಹದಿನೇಳು ವರ್ಷಗಳ ದುಡಿಮೆಯ ಬೆಳೆಯನ್ನು ಒಂದು ತಿಂಗಳಲ್ಲಿ ಕೊಯ್ದನು.

ಮಾತು ಕೊಟ್ಟವರೆಲ್ಲ ನಡೆಸುವರೆ? ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈಥನ್ ಮಾಲಿಕ್ ಎಂಬ ಪ್ರಾಧ್ಯಾಪಕರು ಕಿಕ್‌ಸ್ಟಾರ್ಟರಿನ ಯೋಜನೆಗಳನ್ನು ಪರಿಶೀಲಿಸಿ 2014ರಲ್ಲಿ ಬರೆದಂತೆ, ಕೊಡುತ್ತೇವೆಂದ ವಸ್ತುವನ್ನು ಹೇಳಿದ ಸಮಯಕ್ಕೆ ಕೊಡದೆ ತಡಮಾಡಿದವರು ನಾಲ್ಕರಲ್ಲಿ ಮೂವರಿಗಿಂತ ಹೆಚ್ಚು. ಮರುವರ್ಷ ಹಣ ಕೊಟ್ಟ 47,000 ಜನರನ್ನು ವಿಚಾರಿಸಿದಾಗ, ಏನನ್ನೂ ಕೊಡದೆಹೋದ ಯೋಜನೆಗಳು ನೂರಕ್ಕೆ ಸುಮಾರು ಒಂಬತ್ತು ಎಂದು ಕಂಡಿತು. ನೂರಕ್ಕೆ ಒಂಬತ್ತು ಎಂಬುದು ನಾನು ಅಂಜಿದ್ದಕ್ಕಿಂತ ಕಡಿಮೆಯೇ. ಮನುಷ್ಯರು ಬಹುತೇಕ ಪ್ರಾಮಾಣಿಕರು, ಆದರೆ ಬಹುತೇಕ ಲೆಕ್ಕ ತಪ್ಪುವವರು ಎಂದು ಇದರಿಂದ ನಾನು ತಿಳಿಯುತ್ತೇನೆ.

ತಡವನ್ನು ಜನ ಕ್ಷಮಿಸುತ್ತಾರೆ, ಮೌನವನ್ನು ಕ್ಷಮಿಸುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕನ್ನಡ ಪುಸ್ತಕಕ್ಕೆ ನಾನೂ ಐನೂರು ರೂಪಾಯಿ ಕಳಿಸಿದೆ. ಕೇಳಿದವರ ಹೆಸರು ಇಲ್ಲಿ ಬೇಡ. ಹಣ ಕೇಳುವಾಗ ವಾರಕ್ಕೆರಡು ಸಂದೇಶ ಬರುತ್ತಿದ್ದವು: ಕನ್ನಡ ಉಳಿಯಬೇಕು, ನೀವು ಕನ್ನಡಿಗರಲ್ಲವೆ, ತಾಯಿಯ ಋಣ ತೀರಿಸಿರಿ. ಹಣ ಮುಟ್ಟಿದ ಮೇಲೆ ತಾಯಿಯೂ ಇಲ್ಲ, ಋಣವೂ ಇಲ್ಲ. ಪುಸ್ತಕ ಈವರೆಗೆ ಬಂದಿಲ್ಲ. ಐನೂರು ರೂಪಾಯಿ ಹೋಯಿತೆಂಬ ಚಿಂತೆ ನನಗಿಲ್ಲ. ಅದಾದ ಮೇಲೆ ಬೇರೊಬ್ಬ ಪ್ರಾಮಾಣಿಕ ತರುಣ ಬಂದು ಕೇಳಿದಾಗ ನನ್ನ ಕೈ ಒಂದು ಕ್ಷಣ ಹಿಂಜರಿಯಿತಲ್ಲ, ನಷ್ಟವೆಂದರೆ ಅದು. ಆ ನಷ್ಟ ಅವನದು, ತಪ್ಪು ಇನ್ನೊಬ್ಬರದು.

ಇದನ್ನು ಹೊರನಾಡಿನಲ್ಲಿರುವ ನಾವು ವಿಶೇಷವಾಗಿ ಯೋಚಿಸಬೇಕು. ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ಕನ್ನಡ ಪುಸ್ತಕ ಕೊಳ್ಳುವವರು, ಕನ್ನಡ ನಾಟಕಕ್ಕೆ ಬರುವವರು ಎಷ್ಟು ಮಂದಿ? ಇಂಗ್ಲಿಷಿನಲ್ಲಿ ಒಬ್ಬನು ಮೋಸ ಮಾಡಿದರೆ ಇನ್ನೊಂದು ಲಕ್ಷ ಓದುಗರು ಅವನ ಹೆಸರನ್ನೇ ಕೇಳಿರುವುದಿಲ್ಲ. ನಮ್ಮದು ಸಣ್ಣ ಕೆರೆ; ಒಂದು ದಡದಲ್ಲಿ ಕಲಕಿದ ನೀರು ಇನ್ನೊಂದು ದಡಕ್ಕೂ ಮುಟ್ಟುತ್ತದೆ. ಆದಕಾರಣ ಭಾಷಾಭಿಮಾನವನ್ನು ಮುಂದೊಡ್ಡಿ ಹಣ ಕೇಳುವುದನ್ನು ನಾನು ವಿರೋಧಿಸುತ್ತೇನೆ. ಪುಸ್ತಕ ಚೆನ್ನಾಗಿದೆ, ಬೆಲೆ ಇಷ್ಟು, ಇಂಥ ದಿನ ಕೈಸೇರುತ್ತದೆ ಎಂದು ಹೇಳಿ ಕೇಳಿರಿ. ಕೊಳ್ಳದವನು ಕನ್ನಡದ ದ್ರೋಹಿಯಲ್ಲ. ಅವನಿಗೆ ಆ ಪುಸ್ತಕ ಬೇಡವಾಯಿತು, ಅಷ್ಟೆ.

ಕಾಯಿದೆಯ ಮಾತನ್ನೂ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ವಸ್ತುವನ್ನು ಕೊಡುವೆನೆಂದು ಪಡೆದ ಹಣ ದಾನವಲ್ಲವಾದ್ದರಿಂದ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಲಾಭದಲ್ಲಿ ಪಾಲು ಕೊಡುವೆನು, ಸಂಸ್ಥೆಯ ಷೇರು ಕೊಡುವೆನು ಎಂದು ಊರಿಗೆಲ್ಲ ಸಾರಿ ಹಣ ಎತ್ತುವುದು ಬೇರೆಯೇ ವಿಷಯ. 2013ರ ಕಂಪನಿ ಕಾಯಿದೆಯ ಪ್ರಕಾರ ವರ್ಷಕ್ಕೆ 200 ಜನರಿಗಿಂತ ಹೆಚ್ಚು ಮಂದಿಗೆ ಖಾಸಗಿಯಾಗಿ ಷೇರು ನೀಡುವಂತಿಲ್ಲ. ಅಂತರ್ಜಾಲದಲ್ಲಿ ಹೀಗೆ ಹಣ ಎತ್ತುವ ಅನಧಿಕೃತ ತಾಣಗಳ ಬಗ್ಗೆ ಸೆಬಿ 2016ರಲ್ಲಿ ಎಚ್ಚರಿಕೆ ಕೊಟ್ಟಿತು. ಇನ್ನು ನಿಮಗೇ ಸಂಬಂಧಿಸಿದ್ದು: ಹದಿನೆಂಟು ತುಂಬದವರು ಮಾಡಿಕೊಂಡ ಕರಾರಿಗೆ 1872ರ ಕರಾರು ಕಾಯಿದೆಯಂತೆ ಮಾನ್ಯತೆಯಿಲ್ಲ. ಪಾಲಕರ ಹೆಸರಿಲ್ಲದೆ ನೀವು ಈ ವ್ಯವಹಾರಕ್ಕೆ ಇಳಿಯುವಂತಿಲ್ಲ.

ಹಾಗಾದರೆ ಮಾಡಬಾರದೆ? ಖಂಡಿತ ಮಾಡಬೇಕು, ನಮ್ಮ ಹಿರಿಯರು ಮಾಡಿ ತೋರಿಸಿದ್ದಾರೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ನಿಂತದ್ದು ಚಂದಾದಾರರ ಬಲದಿಂದ. ವರ್ಷದ ಚಂದಾ ಕೊಟ್ಟವರಿಗೆ ಪುಸ್ತಕಗಳು ಮನೆಗೆ ಬರುತ್ತಿದ್ದವು. ಯಾವ ಪುಸ್ತಕ, ಯಾರ ಪುಸ್ತಕ ಎಂಬುದನ್ನು ಜೋಶಿಯವರ ಆಯ್ಕೆಗೆ ಬಿಟ್ಟು ಜನ ಹಣ ಕೊಟ್ಟರು. ಆ ವಿಶ್ವಾಸದ ಹಣದಲ್ಲಿಯೇ 1961ರಲ್ಲಿ ಇಪ್ಪತ್ತರ ಹರೆಯದ ಅಪರಿಚಿತ ತರುಣನೊಬ್ಬನ ಮೊದಲ ನಾಟಕ ಅಚ್ಚಾಯಿತು. ನಾಟಕ 'ಯಯಾತಿ', ತರುಣ, ಮುಂದೆ 'ಮಂಥನ್'ದಲ್ಲಿ ಪಶುವೈದ್ಯನ ಪಾತ್ರ ವಹಿಸಿದ ಗಿರೀಶ ಕಾರ್ನಾಡರೇ. ಅಪರಿಚಿತನು ತಾನೇ ಕೇಳಿದ್ದರೆ ನೂರು ಜನ ಕೊಡುತ್ತಿದ್ದರೋ ಇಲ್ಲವೋ. ತಪ್ಪದೆ ಪುಸ್ತಕ ಕಳಿಸುವ ಮಾಲೆಯೊಂದು ಕೇಳಿದ್ದರಿಂದ ಕೊಟ್ಟರು.

ಕನ್ನಡಕ್ಕೆ ಒಂದೇ ಸಲ ಕೋಟಿ ಕೇಳುವ ಯೋಜನೆಗಳಿಗಿಂತ ಇಂಥ ಚಂದಾ ಪದ್ಧತಿಯೇ ಮೇಲೆಂದು ನನಗನಿಸುತ್ತದೆ. ಅಂತರ್ಜಾಲದಿಂದ ಅದು ಸುಲಭವೂ ಆಗಿದೆ: ದುಬೈಯಲ್ಲಿರುವವನು, ಡೊಂಬಿವಲಿಯಲ್ಲಿರುವವನು ಒಂದೇ ನಿಮಿಷದಲ್ಲಿ ಚಂದಾ ಕಟ್ಟಬಲ್ಲರು.

ನಮ್ಮ ಶಾಲೆಯಲ್ಲಿ ಇದನ್ನು ಕಲಿಯುವ ಮಾರ್ಗ ಹೀಗಿರಬಹುದು. ಒಂದು ವರ್ಗದವರು ಎಂಟು ಪುಟಗಳ ಕೈಬರಹದ ಮಾಸಪತ್ರಿಕೆ ಹೊರಡಿಸಲಿ. ಪುಟಕ್ಕೆ ಒಂದು ರೂಪಾಯಿಯಂತೆ ಜೆರಾಕ್ಸಿಗೆ ಪ್ರತಿಯೊಂದಕ್ಕೆ ಎಂಟು ರೂಪಾಯಿ. ಚಂದಾ ತಿಂಗಳಿಗೆ ಹತ್ತು. ನಲವತ್ತು ಚಂದಾದಾರರಾದರೆ ಉಳಿಯುವುದು ಎಂಬತ್ತು ರೂಪಾಯಿ. ಅದರಲ್ಲಿ ಕಾಗದ, ಬಣ್ಣ, ಹೊಲಿಗೆಯ ದಾರ, ಚಿತ್ರ ಬರೆದವರಿಗೆ ಒಂದು ಸಣ್ಣ ಸಂಭಾವನೆ. ಜಮಾಖರ್ಚನ್ನು ಪ್ರತಿ ಸಂಚಿಕೆಯ ಕೊನೆಯ ಪುಟದಲ್ಲಿ ಬರೆಯಬೇಕು. ಐದು ರೂಪಾಯಿ ಕಡಿಮೆ ಬಿದ್ದರೆ ಅದನ್ನೂ ಬರೆಯಬೇಕು. ಹನ್ನೆರಡು ಸಂಚಿಕೆಗಳು ಹೇಳಿದ ದಿನವೇ ಹೊರಬಂದ ಮೇಲೆ ಪಾಲಕರನ್ನು ಕರೆದುಕೊಂಡು ಬನ್ನಿ. ಅಂತರ್ಜಾಲದಲ್ಲಿ ಹಣ ಕೇಳುವ ಮಾತನ್ನು ಆಗ ಕುಳಿತು ಆಡೋಣ.